ಕಣ್ಣಿಗೆ ಸೂಜಿ

ಕಣ್ಣಿಗೆ ಸೂಜಿ ಎಂದೊಡನೆ ಯಾರ ಮೈ ತಾನೇ ಜುಮ್ಮೆನ್ನದು? ಆದರೆ ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಪೊರೆಯನ್ನು, ಎಂದರೆ ನಮ್ಮ ಕಡೆಯವರ ಮೋತಿಬಿಂದುವನ್ನು, ಶಲಾಕೆಯಿಂದ ಸರಿಸುವ ಕ್ರಮ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿದೆ. ಶಲಾಕೆ ಎಂಟಂಗುಲ ಉದ್ದವಿರಬೇಕು, ನಡುವೆ ನೂಲು ಸುತ್ತಿರಬೇಕು, ತುದಿ ಮೊಗ್ಗಿನಂತಿರಬೇಕು. ರೋಗಿ ಆಗ ತೇಗಬಾರದು, ಕೆಮ್ಮಬಾರದು, ಸೀನಬಾರದು, ಉಗುಳಬಾರದು. ಕಣ್ಣು ಕೆಂಪೇರುವುದು, ಬಾಯುವುದು ಮೊದಲಾದ ಉಪದ್ರವಗಳನ್ನು ಗ್ರಂಥಕಾರನು ಮುಚ್ಚಿಡಲಿಲ್ಲ. ಐವಾನ್-ಎ-ಶಾಹಿಯೆಂಬ ಹೆಸರಿನಲ್ಲೇ ನಿಜಾಮರ ಕಾಲವನ್ನು ಉಳಿಸಿಕೊಂಡಿರುವ ನಮ್ಮ ಕಲಬುರಗಿಯಲ್ಲಿ ಯುನಾನಿಯನ್ನೂ ಮರೆಯಲಾಗದು. ಆ ಪರಂಪರೆಯಲ್ಲಿ ಕಣ್ಣಿನ ವೈದ್ಯನಿಗೆ ಕಹ್ಹಾಲನೆಂದು ಹೆಸರು. ಅವನೂ ಸೂಜಿಯಿಂದ ಪೊರೆ ಸರಿಸಬಲ್ಲವನು.

ಸೂಕ್ಷ್ಮಜೀವಿಯ ಅರಿವು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಅರಿವಿನ ಬಲದಿಂದಲೇ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916-2005) ಊರೂರಿಗೆ ಶಿಬಿರ ಕೊಂಡೊಯ್ದು, ಒಂದೇ ದಿನ 833 ಪೊರೆ ತೆಗೆದ ದಾಖಲೆ ಸ್ಥಾಪಿಸಿದರು.

ಈಗಿನ ಸೂಜಿಮದ್ದಿನ ಕಥೆ ಬೇರೆ. ವೃದ್ಧಾಪ್ಯದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಅಕ್ಷಿಪಟ ಕೆಟ್ಟವರಿಗೆ ಕಣ್ಣುಗುಡ್ಡೆಯೊಳಗೇ ಮದ್ದು ಕೊಡುತ್ತಾರೆ. ಕರುಳಿನ ಕ್ಯಾನ್ಸರಿಗೆಂದು ಹುಟ್ಟಿದ ಬೆವಾಸಿಜುಮಾಬ್ 2005ರಿಂದ ಕಣ್ಣಿಗೂ ಬಂದಿತು. ಬೇಕಾದುದು 0.05 ಮಿಲಿಲೀಟರು, ಸೀಸೆಯಲ್ಲಿರುವುದು 4 ಮಿಲಿಲೀಟರು. ಒಂದನ್ನೇ ಹಲವರಿಗೆ ಹಂಚಿದರೆ ಬಡವರಿಗೆ ಕೈಗೆಟುಕುತ್ತದೆ. ಹಂಚುವಾಗ ಕೊಳೆ ಸೇರಿದರೆ ಹಲವರ ಕಣ್ಣು ಒಮ್ಮೆಗೇ ಹೋಗುತ್ತದೆ. 2016ರಲ್ಲಿ ಗುಜರಾತಿನಲ್ಲಿ ಈ ಮದ್ದು ಪಡೆದ ಹಲವರಿಗೆ ತೊಂದರೆಯಾಗಿ, ದೇಶದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ 2019ರ ಜುಲೈಯಲ್ಲಿ ನಡೆದುದು ಪೊರೆಯ ಶಸ್ತ್ರಚಿಕಿತ್ಸೆ, ಸೂಜಿಮದ್ದಲ್ಲ. ಆದರೂ ಒಂದೇ ದಿನದ 24 ರೋಗಿಗಳ ಪೈಕಿ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಾಗ, ಸಂಶಯ ಬಿದ್ದುದು ಎಲ್ಲರಿಗೂ ಬಳಸಿದ ದ್ರವದ ಮೇಲೆ.

ಒಬ್ಬೊಬ್ಬರಿಗೆ ಬಿಡಿಯಾಗಿ ತಗಲುವ ಸೋಂಕಿನ ಮೂಲ ಸಾಮಾನ್ಯವಾಗಿ ರೆಪ್ಪೆಯಂಚಿನಲ್ಲಿರುತ್ತದೆ, ಇಲ್ಲವೆ ಬಾಯಲ್ಲಿ. ಬಾಯಿಯ ಸ್ಟ್ರೆಪ್ಟೊಕಾಕಸ್ ಜಾತಿಯ ಜೀವಿಗಳು ಕಣ್ಣೊಳಗೆ ಹೊಕ್ಕರೆ ಬಹು ಘೋರ. ಆದುದರಿಂದಲೇ ಚುಚ್ಚುವ ಮುನ್ನ ಪೊವಿಡೋನ್ ಅಯೊಡಿನ್ ಹನಿಸುತ್ತಾರೆ. ಆ ಹೊತ್ತಿನಲ್ಲಿ ವೈದ್ಯರೂ ರೋಗಿಯೂ ಮಾತಾಡಬಾರದೆನ್ನುತ್ತಾರೆ. ಕಾರಣ ಬೇರೆಯಾದರೂ, ಸುಶ್ರುತನ ಕಟ್ಟಳೆ ನೆನಪಾಗದಿರದು!

ಅಪಾಯ ಎಷ್ಟು? ಸುಮಾರು ಎರಡು ಮೂರು ಸಾವಿರ ಚುಚ್ಚುಗಳಿಗೆ ಒಂದು. ಅಲ್ಪವೆನಿಸಬಹುದು, ಆದರೆ ಒಬ್ಬನೇ ರೋಗಿ ವರ್ಷಕ್ಕೆ ಹಲವು ಸಲ ಚುಚ್ಚಿಸಿಕೊಳ್ಳಬೇಕಾಗುತ್ತದೆಂಬುದನ್ನು ಲೆಕ್ಕಕ್ಕೆ ತರಬೇಕು. ಹಾಗೆಂದು ಹೆದರಿ ಮದ್ದು ಬಿಟ್ಟವನ ಅಕ್ಷಿಪಟ ಹಾಳಾಗುವುದು ಇದಕ್ಕಿಂತ ಹೆಚ್ಚು ಸಂಭವನೀಯ. ನನಗೆ ಕಳವಳ ತರುವುದು ಚುಚ್ಚಿದ ಗಳಿಗೆಯಲ್ಲ, ಅನಂತರದ ನಾಲ್ಕಾರು ದಿನಗಳು. ಕಮಲಾಪುರದ ಕಡೆಯ ಮುದುಕಿಯೊಬ್ಬಳು ಚುಚ್ಚಿಸಿಕೊಂಡು ಸಂಜೆಯ ಬಸ್ಸಿಗೆ ಊರು ಸೇರುತ್ತಾಳೆ. ಮೂರನೆಯ ದಿನ ನೋವು ಹೆಚ್ಚಿ, ಕಣ್ಣು ಕೆಂಪೇರಿ, ದೃಷ್ಟಿ ಮಂಜಾದರೆ, ಮುಂದಿನ ತಾರೀಖಿಗೆ ತೋರಿಸಿದರಾಯಿತೆಂದು ಮನೆಯವರು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಕಣ್ಣು ಕೈಬಿಟ್ಟಿರುತ್ತದೆ. ಅದೇ ದಿನ ಬಂದರೆ, ಕಣ್ಣೊಳಗಿನ ರಸವನ್ನು ಪರೀಕ್ಷೆಗೆ ತೆಗೆದು, ವ್ಯಾಂಕೊಮೈಸಿನ್, ಸೆಫ್ಟಾಜಿಡೈಮ್‌ಗಳನ್ನು ಒಳಗೇ ಬಿಡುವರು. ಅದಕ್ಕೂ ಬೇಕಾದುದು ಮತ್ತೊಂದು ಸೂಜಿಯೇ.