ಕಂಪ್ಯೂಟರ್ ಸಾಮಾನು ಯಾವಾಗ ತೊಗೋಬೇಕು?

ಅಕ್ಕ-ತಂಗೇರೇ, ಔರಾದ್, ಭಾಲ್ಕಿ ಕಡಿ ಸೋಯಾ ರೊಕ್ಕ ದೀಪಾವಳಿ ಸುತ್ತ ಕೈಗಿ ಬರ್ತದ. ಮಕ್ಕಳ ಕಾಲೇಜು ಸುರುವಾಗೋದು ಮಳಿಗಾಲದಾಗ. ನಡುವ ಕಂಪ್ಯೂಟರ್ ಸಾಮಾನಿನ ದರ ದೂರದೇಶದ ಸುದ್ದಿಗಿ ಏರ್ತದ.

2011ರಾಗ ಥಾಯ್ಲೆಂಡ್‌ದಾಗ ನೆರಿ ಬಂದು ಕಾರ್ಖಾನಿ ಮುಳುಗಿದ್ವು, ಹಾರ್ಡ್ ಡಿಸ್ಕ್ ತುಟ್ಟಿ ಆಯ್ತು. 2021ರಾಗ ಚಿಪ್ ಕಮ್ಮಿ ಬಿದ್ವು. ಕ್ರಿಪ್ಟೊ ಮೈನಿಂಗ್ ಮಾಡೋರು ಗ್ರಾಫಿಕ್ಸ್ ಕಾರ್ಡ್ ಬಾಚಿಕೊಂಡ್ರು. 2025ರ ಕೊನಿಗಿ ಎ.ಐ. ಡೇಟಾ ಸೆಂಟರಿನಿಂದ ರ‍್ಯಾಮ್ ತುಟ್ಟಿ ಆಯ್ತು.

ನೋಡ್ರಿ, ಪ್ರತಿ ಸಲ ಜಿಗಿದದ್ದು ಒಂದೆರಡು ಸಾಮಾನು. ಅದಕ್ಕ ಒಳಗೇ ಗ್ರಾಫಿಕ್ಸ್ ಇದ್ದ ಪ್ರೊಸೆಸರ್, ಒಂದೇ ರ‍್ಯಾಮ್ ಹಾಕಿಸಿ ಸುರು ಮಾಡ್ರಿ. ಮದರ್‌ಬೋರ್ಡಿನ ಇನ್ನೊಂದು ಸ್ಲಾಟ್ ಖಾಲಿ ಇರ್ಲಿ. ಸಸ್ತಾ ಆದ ಮ್ಯಾಲ ತುಂಬಿಸ್ರಿ. ದರ ಇಳೀಲಿ ಅಂತ ಮಕ್ಕಳ ಓದು ನಿಲ್ಲಿಸಬ್ಯಾಡ್ರಿ.