ಅರಸರ ಕಾಲದ ಮಧ್ಯಮ ಮಾರ್ಗ

ಅರಸರಿದ್ದ ನಾಡಿನಲ್ಲಿ ರಾಜಕೀಯ ಪಕ್ಷಕ್ಕೇನು ಕೆಲಸ? ಚರಿತ್ರೆಯ ಪಾಠದ ನಡುವೆ ಹುಡುಗನೊಬ್ಬನು ಕೇಳಿದ ಪ್ರಶ್ನೆಯಿದು. ಮೊರಾಕೋ ದೇಶದ ಇಸ್ತಿಕ್ಲಾಲ್ ಪಕ್ಷವು 1944ರಲ್ಲಿ ಫ್ರೆಂಚರಿಂದ ಬಿಡುಗಡೆಯನ್ನು ಕೇಳಿತಷ್ಟೆ. ಆ ಬಿಡುಗಡೆ ಸುಲ್ತಾನರ ಆಶ್ರಯದಲ್ಲಿಯೇ ಆಗಬೇಕೆಂದಿತು. ಇದನ್ನು ಹೇಳುತ್ತಿರುವಾಗಲೇ ನನಗೆ ನೆನಪಾಯಿತು: ಅಂಥ ಪಕ್ಷವೊಂದು ನಮ್ಮ ಮೈಸೂರಿನಲ್ಲಿಯೇ ಇತ್ತಲ್ಲ!

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿತು. ಪ್ರಜೆಗಳು ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಅದನ್ನು ನಡೆಸಿಕೊಡುವುದು, ಬಿಡುವುದು ದಿವಾನರ ಚಿತ್ತ. ದಿವಾನರನ್ನು ನೇಮಿಸುವವರು ಮಹಾರಾಜರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯು ಬೇರೊಂದು ನ್ಯಾಯವನ್ನು ಎತ್ತಿತು. ಸರ್ಕಾರದ ಕೆಲಸಗಳು ಒಂದೇ ವರ್ಗದವರ ಕೈಯಲ್ಲಿವೆ; ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರಿಗೂ ಪಾಲು ಬೇಕೆಂದು ಮಹಾರಾಜರಿಗೆ ಬಿನ್ನವಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಅವರು ಅಧಿಕಾರವನ್ನು ಬಿಟ್ಟರು.

ಮುಂದೆ ಪ್ರಜಾಪಕ್ಷವೆಂಬ ಇನ್ನೊಂದು ಪಕ್ಷ ತಲೆಯೆತ್ತಿತು. 1934ರಲ್ಲಿ ಎರಡೂ ಸೇರಿ ಪ್ರಜಾಸಂಯುಕ್ತ ಪಕ್ಷವಾಯಿತು. ಕೆ. ಸಿ. ರೆಡ್ಡಿಯವರು ಅದರ ಮುಂದಾಳುಗಳಲ್ಲೊಬ್ಬರು. ಅದರ ಬೇಡಿಕೆ ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ.

ಈ ‘ಜವಾಬ್ದಾರಿ’ ಎಂಬ ಮಾತನ್ನು ಕೊಂಚ ಬಿಡಿಸಿ ನೋಡಬೇಕು. ‘ಜವಾಬು’ ಅರಬ್ಬಿಯಿಂದ ಬಂದದ್ದು. ಅದಕ್ಕೆ ಸೇರಿದ ಪ್ರತ್ಯಯ ಪಾರಸಿಯದು. ನಮ್ಮ ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ತೂಕ ಕಡಮೆಯಾದರೆ, “ಜವಾಬು ಹೇಳಿ” ಎಂದು ಗಿರಾಕಿ ನಿಲ್ಲುತ್ತಾನೆ. ಸರ್ಕಾರವೂ ಹಾಗೆಯೇ ಪ್ರಜೆಗೆ ಉತ್ತರ ಕೊಡಬೇಕೆಂಬುದೇ ಆ ಪಕ್ಷದ ಸಾರ. ಸಿಂಹಾಸನವಿರಲಿ, ಆದರೆ ಮಂತ್ರಿಗಳು ಸಭೆಗೆ ಲೆಕ್ಕ ಒಪ್ಪಿಸಲಿ.

ಬೇಡಿಕೆ ದೊಡ್ಡದಾಗಿತ್ತು, ಉಪಾಯ ಮಾತ್ರ ಸಣ್ಣದು. ಸಭೆಯ ಭಾಷಣಕ್ಕೂ ಬಿನ್ನವತ್ತಳೆಗೂ ದಿವಾನರ ಆಡಳಿತ ಮಣಿಯಲಿಲ್ಲ. ಚಳವಳಿಯ ಬಲವಿದ್ದುದು ಕಾಂಗ್ರೆಸ್ಸಿಗೆ. 1937ರಲ್ಲಿ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಮರುವರ್ಷವೇ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಜನ ಸತ್ತರು. ಬಿನ್ನವತ್ತಳೆಯ ಕಾಲ ಅಲ್ಲಿಗೆ ಮುಗಿಯಿತು.

ಹಾಗಾದರೆ ಆ ಪಕ್ಷ ಸೋತಿತೇ? 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರಿನಲ್ಲಿ ಜಯಚಾಮರಾಜ ಒಡೆಯರು ಜನರ ಮಂತ್ರಿಮಂಡಲಕ್ಕೆ ಒಪ್ಪಿದರು. ಮುಖ್ಯಮಂತ್ರಿಯಾದವರು ಅದೇ ಕೆ. ಸಿ. ರೆಡ್ಡಿಯವರು! ಸಿಂಹಾಸನವಿತ್ತು; ಮಂತ್ರಿಗಳೂ ಪ್ರಜೆಗಳವರಾದರು. ಮಧ್ಯಮ ಪಕ್ಷವು ಕೇಳಿದ್ದು ಇದನ್ನೇ. ಆದರೆ ಅದನ್ನು ತಂದುಕೊಟ್ಟವರು ಬೀದಿಗಿಳಿದ ಜನ, ಸೆರೆಮನೆಯನ್ನು ಕಂಡವರು, ಪ್ರಾಣವನ್ನೇ ತೆತ್ತವರು.

ಪಕ್ಷದ ಹೆಸರನ್ನು ಇಂದು ನೆನೆಯುವವರು ವಿರಳ. ಅದು ಕೇಳಿದ ಜವಾಬನ್ನು ನಾವು ಚುನಾವಣೆ ಚುನಾವಣೆಗೂ ಕೇಳುತ್ತಲೇ ಇದ್ದೇವೆ. ಆ ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇದೇ.