ವಾಸನೆ ಬಡಿದರೆ ಮೂಡುವ ಮುಳ್ಳು

ಭೂತಗನ್ನಡಿಯಲ್ಲಿ ನೋಡಿ. ಒಂದೆರಡು ಮಿಲಿಮೀಟರ್ ಉದ್ದದ, ಗಾಜಿನಂಥ ಮೈಯ ಈ ಜೀವಿ ಡಾಫ್ನಿಯಾ ಪ್ಯೂಲೆಕ್ಸ್, ಅಂದರೆ ನೀರುಚಿಗಟ. ಹೆಸರಿಗಷ್ಟೇ ಚಿಗಟ, ಬಳಗ ಸೀಗಡಿಯದು. ಬೆನ್ನ ಬಳಿ ಪಟಪಟ ಬಡಿಯುತ್ತಿರುವುದೇ ಗುಂಡಿಗೆ, ಹಸಿರು ಗೆರೆ ಕರುಳು.

ಕೊಳದಲ್ಲಿ ಇದರ ಮರಿಗಳನ್ನು ಹಿಡಿದು ತಿನ್ನುವುದು ಕೇಯೊಬೊರಸ್ ಎಂಬ ಕೀಟದ ಲಾರ್ವಾ. ಅದು ಉಂಡು ಅರಗಿಸಿಕೊಂಡಾಗ ಕೆಲವು ರಾಸಾಯನಿಕಗಳು ನೀರಿಗೆ ಸೇರುತ್ತವೆ. ಗ್ಲುಟಮಿನ್ ಜೊತೆ ಬೆಸೆದ ಕೊಬ್ಬಿನಾಮ್ಲಗಳಿವು ಎಂದು 2018ರಲ್ಲಿ ಗೊತ್ತಾಯಿತು. ಜೀರ್ಣಕ್ರಿಯೆಗೆ ಸಂಬಂಧಿಸಿದ ವಸ್ತುವಾದ್ದರಿಂದ ಬೇಟೆಗಾರ ತನ್ನ ಸುಳಿವನ್ನು ಮುಚ್ಚಿಡಲಾರ! ತಾಯಿಯ ಮರಿಚೀಲದಲ್ಲಿರುವಾಗಲೇ ಭ್ರೂಣಗಳು ಈ ಸುಳಿವು ಹಿಡಿಯುತ್ತವೆ. ಹುಟ್ಟಿದ ಮರಿಗಳ ಹೆಡತಲೆಯ ಮೇಲೆ ಪುಟ್ಟ ಮುಳ್ಳುಗಳೇಳುತ್ತವೆ. ಲಾರ್ವಾದ ಹಿಡಿತದಿಂದ ಜಾರಿಕೊಳ್ಳುವುದು ಸುಲಭವಾಗುತ್ತದೆ. ಬೆಳೆದು ಬಾಯಿಗೆ ಹಿಡಿಸದಷ್ಟಾದ ಮೇಲೆ ಮುಳ್ಳು ಬೇಕಿಲ್ಲ, ಉಳಿಯುವುದೂ ಇಲ್ಲ. ಬೇಟೆಗಾರನಿಲ್ಲದ ನೀರಿನಲ್ಲಿ ಅದೇ ತಾಯಿಯ ಮರಿಗಳ ಹೆಡತಲೆ ನುಣ್ಣಗೇ ಇರುತ್ತದೆ.

ಮೀನಿನ ಮುಂದೆ ಈ ಮುಳ್ಳಿನ ಆಟ ನಡೆಯದು. ಮೀನು ಕಣ್ಣಿಂದ ಬೇಟೆಯಾಡುವುದರಿಂದ, ಅದರ ವಾಸನೆಯಿದ್ದ ಕಡೆ ಹಲವು ಜಾತಿಯ ಡಾಫ್ನಿಯಾಗಳು ಹಗಲು ಆಳದ ಕತ್ತಲಿಗಿಳಿದು, ಇರುಳು ಪಾಚಿ ಮೇಯಲು ಮೇಲೇರುತ್ತವೆ.